ಶಂಭುಲಿಂಗಯ್ಯನವರ ಕಾರಿಗೆ ಚಳಿ

ಗಿರಿಜಾಂಬಿಕಾಳ ಬಲಗಾಲಿನ ಮೇಲೆ ಆರೋಪ ಬಂದದ್ದು ಒಂದು ಸೋಮವಾರ ಬೆಳಿಗ್ಗೆ, ಅವಳು ಅದೇ ಕಾಲನ್ನು ಮಡಿಸಿಕೊಂಡು ತುರಿಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಾಗ.

"ನಿನ್ನ ಕಾಲು ಭಾರ ಕಣಮ್ಮ," ಎಂದರು ಅಡುಗೆಮನೆಯ ಬಾಗಿಲಲ್ಲಿ ನಿಂತ ಮಾವ ಶಂಭುಲಿಂಗಯ್ಯನವರು. ಹಣೆಯ ವಿಭೂತಿ ಇನ್ನೂ ಒಣಗಿರಲಿಲ್ಲ. ಪಂಚೆಯ ಅಂಚು ನೆನೆದಿತ್ತು, ಕೈಯಲ್ಲಿ ಮಚ್ಚಿತ್ತು. ಸೋಮವಾರ ಪೂಜೆ ಮುಗಿಸಿ ಎಳನೀರು ಕೊಚ್ಚುವುದು ಅವರ ಪದ್ಧತಿ. "ತಪ್ಪು ತಿಳ್ಕಬ್ಯಾಡ. ಹೆಣ್ಮಕ್ಕಳ ಕಾಲೇ ಹಂಗೆ. ರಾಗಿ ಬೀಸೀ ಬೀಸೀ ಭಾರ ಆಗೋಗಿರ್ತದೆ."

"ರಾಗಿ ಬೀಸೋದು ಕೈಯಲ್ಲಲ್ವಾ ಮಾವ?"

ಶಂಭುಲಿಂಗಯ್ಯನವರು ಒಂದು ಗಳಿಗೆ ಯೋಚಿಸಿದರು. "ಕೈಯಿಂದ ಕಾಲಿಗೆ ಇಳೀತದೆ," ಎಂದರು. "ಅದು ಬುಡು. ಕಾರು ಪೆಟ್ರೋಲ್ ಕುಡಿಯೋದ ನೋಡಿದೀಯಲ್ಲ. ಹೊಸದ್ರಲ್ಲಿ ಹಿಂಗಿತ್ತಾ? ಮುಂದಿನ ಸೋಮವಾರದಿಂದ ಕೆಂಚಪ್ಪ ಬತ್ತಾನೆ. ಲಾರಿ ಓಡಿಸಿದ ಕಾಲು ಅವಂದು. ಎಲ್ಲಿ ಒತ್ತಬೇಕು, ಎಲ್ಲಿ ಬುಡಬೇಕು ಅಂತ ಗೊತ್ತೈತೆ. ನೀನು ಹಿಂದ್ಗಡೆ ಆರಾಮಾಗಿ ಕೂತ್ಕೊಂಡು ಹೋಗು."

ಗಿರಿಜಾ ತುರಿಯುವುದನ್ನು ನಿಲ್ಲಿಸಲಿಲ್ಲ. ಆದರೆ ಆ ಹೋಳಿನಲ್ಲಿ ತುರಿಯಲು ಇನ್ನೇನೂ ಉಳಿದಿಲ್ಲ, ತಾನು ಚಿಪ್ಪನ್ನೇ ತುರಿಯುತ್ತಿದ್ದೇನೆ ಎಂಬುದು ಅವಳಿಗೆ ಸ್ವಲ್ಪ ಹೊತ್ತಾದ ಮೇಲೆ ತಿಳಿಯಿತು.

ಕಂದಿಕೆರೆಯಿಂದ ಒಳಗಿರುವ ಆ ತೋಟದ ಮನೆಗೆ ಕಾರು ಬಂದು ಒಂದು ವರ್ಷವಾಗಿತ್ತು. ಕೊಬ್ಬರಿಗೆ ಒಳ್ಳೆಯ ಧಾರಣೆ ಸಿಕ್ಕ ಸಾಲಿನಲ್ಲಿ ಶಂಭುಲಿಂಗಯ್ಯನವರು ಮಗ ಈರೇಶನನ್ನು ಕರೆದು, "ಕಾರು ತಗೋತೀವಿ, ನೀನು ಕಲಿ," ಎಂದಿದ್ದರು. ಈರೇಶ ತಿಪಟೂರಿನ ಡ್ರೈವಿಂಗ್ ಸ್ಕೂಲಿಗೆ ಸೇರಿದ. ಒಬ್ಬನೇ ಹೋಗಲು ಸಂಕೋಚವೆಂದು ಹೆಂಡತಿಯನ್ನೂ ಕರೆದುಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂರಿಸಿದ. ಕಲಿಸುವವನು ಮುಂದಿದ್ದವನಿಗೆ ಬೈದದ್ದನ್ನೆಲ್ಲ ಹಿಂದಿದ್ದವಳು ಕಲಿತಳು. ಕಾರು ಮನೆಗೆ ಬಂದ ದಿನ ಈರೇಶ ಅದನ್ನು ಸೀದಾ ತೆಂಗಿನ ಮಟ್ಟೆಯ ರಾಶಿಗೆ ನುಗ್ಗಿಸಿದ. ಮಟ್ಟೆಯಾದ್ದರಿಂದ ಕಾರಿಗೆ ಏನೂ ಆಗಲಿಲ್ಲ, ಆದದ್ದೆಲ್ಲ ಈರೇಶನಿಗೇ. ಅಂದಿನಿಂದ ಅವನು ಎಡಗಡೆಯ ಸೀಟು ಬಿಟ್ಟು ಆಚೀಚೆ ಸರಿಯಲಿಲ್ಲ. ರಾಶಿಯಿಂದ ಕಾರನ್ನು ಹಿಂದಕ್ಕೆ ತೆಗೆದವಳು ಗಿರಿಜಾ. ತೆಗೆದವಳು ಹಾಗೆಯೇ ಊರ ಬಾಗಿಲವರೆಗೂ ಓಡಿಸಿಕೊಂಡು ಹೋಗಿ ತಿರುಗಿಸಿ ತಂದಳು.

ಅದಕ್ಕೆ ಮುಂಚೆ ಅವಳು ಸಂಪಿಗೆಯ ಹತ್ತಿರದ ತವರಿಗೆ ಹೋಗಬೇಕೆಂದರೆ ಮೊದಲು ಮಾವನ ಒಪ್ಪಿಗೆ ಬೇಕು, ಆಮೇಲೆ ಗಂಡನಿಗೆ ಬಿಡುವು ಬೇಕು, ಆಮೇಲೆ ಬಸ್ಸು ಬರಬೇಕು. ಈ ಮೂರೂ ಒಂದೇ ದಿನ ಕೂಡಿಬಂದದ್ದು ಅಪರೂಪ. ಈಗ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಅಮ್ಮನ ಕೈಯ ಊಟ ಮಾಡಿ, ದೀಪ ಹಚ್ಚುವ ಹೊತ್ತಿಗೆ ವಾಪಸು. ದಾರಿಯಲ್ಲಿ ಇನ್ನೊಂದು ಸಂಗತಿಯಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕಂದಿಕೆರೆ ಗೇಟಿನ ಹತ್ತಿರ ಎದುರಾಗುವ ಬಸ್ಸಿನ ಡ್ರೈವರ್ ಮೊದಮೊದಲು ಸ್ಟೇರಿಂಗ್ ಹಿಂದೆ ಸೀರೆ ಕಂಡರೆ ಸಾಕು, ಬಸ್ಸನ್ನೇ ರಸ್ತೆಯಿಂದ ಇಳಿಸಿ ನಿಲ್ಲಿಸಿಬಿಡುತ್ತಿದ್ದ. ಈಗ ಎರಡು ಬೆರಳು ಎತ್ತುತ್ತಾನೆ. ಒಬ್ಬ ಡ್ರೈವರು ಇನ್ನೊಬ್ಬ ಡ್ರೈವರಿಗೆ ಎತ್ತುವಂತೆ, ಅಷ್ಟೇ ಅಲಕ್ಷ್ಯದಿಂದ. ಆ ಎರಡು ಬೆರಳಿನಷ್ಟು ದೊಡ್ಡ ಸನ್ಮಾನ ಅವಳಿಗೆ ಮದುವೆಯಲ್ಲೂ ಆಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಹೋಗುವವರಿಗೆ ಯಾವ ಡ್ರೈವರೂ ಬೆರಳು ಎತ್ತುವುದಿಲ್ಲ.

ಹಾಗೆಂದು ಮಾವನ ದೂರು ಸುಳ್ಳೇನಲ್ಲ. ಕಾರು ನಿಜವಾಗಿ ಕುಡಿಯುತ್ತಿತ್ತು. ಹುಳಿಯಾರಿಗೆ ಹೋಗಿ ಬರುವಷ್ಟರಲ್ಲಿ ಪೆಟ್ರೋಲಿನ ಮುಳ್ಳು ಜಾರುಬಂಡೆಯ ಮೇಲೆ ಕೂತಂತೆ ಇಳಿಯುತ್ತಿತ್ತು. ಕಾರಿನ ಹಿಂದೆ ನಿಂತರೆ ಪೆಟ್ರೋಲಿನ ವಾಸನೆ. ಅತ್ತೆ ಚಿಕ್ಕಗಂಗಮ್ಮನವರ ದೂರು ಬೇರೆ. ಗೌರಿಹಬ್ಬಕ್ಕೆ ಸುಣ್ಣ ಬಳಿಸಿದ ಗಾಡಿ ಕೊಟ್ಟಿಗೆಯ ಗೋಡೆ, ಕಾರಿನ ಹೊಗೆ ಕೊಳವೆಯ ಎದುರಿಗೆ, ಒಂದು ಮೊರದಗಲ ಕಪ್ಪಾಗಿತ್ತು.

"ಏನ್ರೀ, ಗೋಡೆ ಮಸಿ ಹಿಡೀತಾ ಐತೆ, ಕಾರಿಗೇನೋ ಆಗೈತೆ," ಎಂದು ಅವರು ಹಿತ್ತಲಿನಿಂದ ಕೂಗಿ ಹೇಳುತ್ತಲೇ ಇದ್ದರು.

"ನೀನು ಸುಮ್ಕಿರು. ಕಾರಿನ ವಿಷಯ ನಿಂಗೇನು ಗೊತ್ತು?" ಎಂದು ಶಂಭುಲಿಂಗಯ್ಯನವರು ಪಡಸಾಲೆಯಿಂದ ಉತ್ತರಿಸುತ್ತಿದ್ದರು.

ಪಡಸಾಲೆಯ ಒರಗು ಕುರ್ಚಿ ಅವರ ಕಚೇರಿ. ಮಂಡಿ ನೋವು ಶುರುವಾದ ಮೇಲೆ ಕೆರೆ ಕೆಳಗಿನ ತೋಟಕ್ಕೆ ಅವರು ಕಾಲಿಟ್ಟಿರಲಿಲ್ಲ. ಆದರೂ ಅಲ್ಲಿ ಒಂದು ಗರಿ ಬಿದ್ದರೂ ಅವರ ಅಪ್ಪಣೆಯಾಗದೆ ಎತ್ತುವಂತಿಲ್ಲ. ಮಣ್ಣು ಎಷ್ಟು ಒಣಗಿದೆ ಎಂದು ಈರೇಶ ಬಂದು ಹೇಳಬೇಕು, ಕಾಯಿ ಎಷ್ಟು ಬಲಿತಿದೆ ಎಂದು ಕೀಳುವವನು ಬಂದು ಹೇಳಬೇಕು. ಕೇಳಿಕೊಂಡು ಅವರು, "ನೀರು ಬುಡು", "ನಿಲ್ಲಿಸು", "ಕೀಳ್ಸು" ಎಂದು ಅಪ್ಪಣೆ ಕೊಡುವರು. ಒಂದು ಸಲ ಈರೇಶ ಬಿಸಿಲಿಗೆ ಬೇಸರಪಟ್ಟು ತೋಟಕ್ಕೇ ಹೋಗದೆ, "ಮಣ್ಣು ಒಣಗೈತಪ್ಪ," ಎಂದುಬಿಟ್ಟಿದ್ದ. ಮುನ್ನಾದಿನವಷ್ಟೇ ಮಳೆ ಬಿದ್ದಿದ್ದ ತೋಟಕ್ಕೆ ಹಗಲೂ ರಾತ್ರಿ ನೀರು ಹರಿಯಿತು. ಕಾಯಿ ಆರಿಸಲು ಹೋದವರ ಚಪ್ಪಲಿಗಳು ಇಂದಿಗೂ ಆ ಕೆಸರಿನಲ್ಲಿವೆ.

ಅಪ್ಪಣೆಯ ಹೊರತು ಶಂಭುಲಿಂಗಯ್ಯನವರಿಗೆ ಇನ್ನೆರಡು ಹೆಮ್ಮೆಗಳಿದ್ದವು. ಒಂದು, ಅವರ ನಾಲಿಗೆ. ಕೊಬ್ಬರಿಯ ಚೂರೊಂದನ್ನು ಬಾಯಿಗೆ ಹಾಕಿಕೊಂಡರೆ ಯಾವ ತೋಟದ್ದೆಂದು ಹೇಳುವರು. ಎಳನೀರಾದರೆ ತಮ್ಮ ತೋಟದ ಯಾವ ಮರದ್ದೆಂದೂ ಹೇಳುವರು. ಅವರನ್ನು ಮೋಸಗೊಳಿಸಲು ಹೋಗಿ ಸೋತ ಬೀಗರ ಸಂಖ್ಯೆ ಸಣ್ಣದಲ್ಲ. ಇನ್ನೊಂದು, ಅವರ ಹಳೆಯ ಜೀಪಿನ ಕಥೆ. ಅದು ಈ ಮನೆಯಲ್ಲಿ ನೀರಿನ ಹಂಡೆಯಷ್ಟೇ ಕಾಯಂ ಆಗಿತ್ತು. ಬೋರನಕಣಿವೆಯ ಏರಿನಲ್ಲಿ ಜೀಪು ಕುದ್ದು ನಿಂತಿತಂತೆ. ಸುತ್ತ ಒಂದು ಹನಿ ನೀರಿಲ್ಲವಂತೆ. ಪಕ್ಕದ ತೋಟದವರನ್ನು ಬೇಡಿ ಎಳನೀರು ಕೆಡವಿಸಿ ರೇಡಿಯೇಟರಿಗೆ ಸುರಿದರಂತೆ. "ಮೇಕೆಮರಿ ಹಂಗೆ ಸುಮ್ಕೆ ಮನೆಗೆ ಬಂತು," ಎನ್ನುವಲ್ಲಿಗೆ ಕಥೆ ಮುಗಿಯುತ್ತಿತ್ತು. "ಉಷ್ಣಕ್ಕೆ ಎಳನೀರು ಬುಟ್ರೆ ಮದ್ದಿಲ್ಲ. ಮನುಷ್ಯಂಗಾಗ್ಲಿ, ಮಿಷೀನ್‌ಗಾಗ್ಲಿ."

ಹೊಸ ಕಾರು ಬಂದಾಗಿನಿಂದಲೂ ಅವರಿಗೆ ಅದರ ಉಷ್ಣದ್ದೇ ಚಿಂತೆ. ಗಿರಿಜಾ ಕಾರು ತಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದ ಕೂಡಲೇ ಬಂದು, ಜ್ವರ ಬಂದ ಕೂಸಿನ ಹಣೆ ಮುಟ್ಟುವಂತೆ, ಬಾನೆಟ್ಟಿನ ಮೇಲೆ ಅಂಗೈಯ ಹಿಂಬದಿ ಇಟ್ಟು ನೋಡುವರು. ಮೊದಲೆಲ್ಲ ಕಾರು ನಿಂತ ಮೇಲೂ ಒಳಗೊಂದು ಫ್ಯಾನು ಗುಯ್ ಎಂದು ತಿರುಗುತ್ತಿತ್ತು. "ಏದುಸಿರು ಬುಡ್ತಾ ಐತಲ್ಲಮ್ಮ ಪಾಪ," ಎಂದು ಅವರು ಮರುಗುತ್ತಿದ್ದರು. ಈಚೆಗೆ ಆ ಸದ್ದು ನಿಂತುಹೋಗಿತ್ತು. ಬಾನೆಟ್ಟು ಮಾತ್ರ ಮೊದಲಿಗಿಂತ ಹೆಚ್ಚು ಸುಡುತ್ತಿತ್ತು.

ತೀರ್ಪು ಬಂದ ಎರಡನೆಯ ದಿನವೇ ಕೆಂಚಪ್ಪ ಪರೀಕ್ಷೆಗೆಂದು ಬಂದ. ಹುಳಿಯಾರು ಕಡೆಯ ಹಟ್ಟಿಯವನು. ಒಂದು ಕಾಲದಲ್ಲಿ ಇವರ ಕೊಬ್ಬರಿಯನ್ನೇ ಲಾರಿಯಲ್ಲಿ ಸಾಗಿಸಿದವನು. ಕಾರಿನೊಳಗೆ ಕೂತಾಗ ಅವನ ಮಂಡಿ ಸ್ಟೇರಿಂಗಿನ ಎರಡೂ ಬದಿಯಲ್ಲಿ ಮೇಲೆದ್ದು, ಸ್ಟೇರಿಂಗು ಕಣಿವೆಯಲ್ಲಿ ಸಿಕ್ಕಿಬಿದ್ದಂತೆ ಕಾಣುತ್ತಿತ್ತು.

"ನೋಡ್ತಾ ಇರಿ ಅಕ್ಕಾವ್ರೆ," ಎಂದ ಅವನು ಹಿಂದೆ ಕೂತಿದ್ದ ಗಿರಿಜಾಳಿಗೆ. "ಇಳಿಜಾರು ಬಂತಾ, ನ್ಯೂಟ್ರಲ್. ಊರು ಬಂತಾ, ಮೆತ್ಗೆ. ಆಕ್ಸಿಲೇಟರ್ ಅಂದ್ರೆ ನಿದ್ದೆ ಮಾಡೋ ಹಾವು ಇದ್ದಂಗೆ, ಹಿಂಗೆ ಮುಟ್ಟಿಯೂ ಮುಟ್ಟದಂಗಿರಬೇಕು."

ಅವನು ಮುಟ್ಟಿಯೂ ಮುಟ್ಟದಂತೆ ಓಡಿಸಿದ್ದರಿಂದ ಎತ್ತಿನ ಗಾಡಿಯೊಂದು ಇವರನ್ನು ದಾಟಿಕೊಂಡು ಹೋಯಿತು. ಗಾಡಿಯವನು ಬಗ್ಗಿ, "ಕೆಟ್ಟೋಗೈತಾ?" ಎಂದು ವಿಚಾರಿಸಿಕೊಂಡ. ತಿಪಟೂರು ತಲುಪಿ ತಿರುಗಿ ಬರುವಷ್ಟರಲ್ಲಿ ಮುಳ್ಳು ಗಿರಿಜಾ ಓಡಿಸಿದಾಗ ಇಳಿಯುತ್ತಿದ್ದಷ್ಟೇ ಇಳಿದಿತ್ತು, ಕೂದಲೆಳೆಯಷ್ಟು ಹೆಚ್ಚೇ.

ಗಿರಿಜಾಳಿಗೆ ಹಿಗ್ಗಾಯಿತು. ಅಂಗಳದಲ್ಲಿ ಇಳಿದವಳೇ, "ಮಾವ, ಕೆಂಚಪ್ಪನ ಕಾಲಿಗೂ ಅಷ್ಟೇ ಕುಡೀತು," ಎಂದಳು.

ಕೆಂಚಪ್ಪ ಮುಳ್ಳನ್ನು ಬಹಳ ಹೊತ್ತು ನೋಡಿದ. "ಯಜಮಾನ್ರೇ, ಗಾಡಿಗೆ ಅಭ್ಯಾಸ ಆಗೋಗೈತೆ," ಎಂದ. "ಒಂದು ವರ್ಷ ಅಕ್ಕಾವ್ರು ಕುಡಿಸವ್ರಲ್ಲ. ಬುಡಿಸಬೇಕು ಅಂದ್ರೆ ಟೈಮ್ ಹಿಡೀತದೆ."

"ಹೌದು ಹೌದು," ಎಂದರು ಶಂಭುಲಿಂಗಯ್ಯನವರು, ಕುಡಿತದ ಚಟ ಬಿಡಿಸಿ ಅನುಭವವಿದ್ದವರಂತೆ.

ಗಂಡನ ಕಡೆ ತಿರುಗಿದರೆ ಅವನು ಎಡಗಡೆಯ ಬಾಗಿಲಿನ ಗಾಜನ್ನು ಒರೆಸುವುದರಲ್ಲಿ ಮಗ್ನನಾಗಿದ್ದ. "ರೀ, ನೀವಾದ್ರೂ ಹೇಳ್ಬಾರದಾ?" ಎಂದಳು ರಾತ್ರಿ ಬಡಿಸುವಾಗ.

"ಹೇಳ್ಬೋದು," ಎಂದ ಈರೇಶ. "ಹೇಳಿದ್ರೆ ಅಪ್ಪ, ಹಂಗಾರೆ ನೀನೇ ಓಡ್ಸು ಅಂತಾರೆ."

ಅದರಲ್ಲೂ ತಥ್ಯವಿತ್ತು.

ಉಳಿದದ್ದು ಮೆಕ್ಯಾನಿಕ್ ತಿಮ್ಮರಾಜು. ತಿಪಟೂರಿನಲ್ಲಿ ಅವನ ಶೆಡ್ಡು. ಬೆಂಗಳೂರಿನಲ್ಲಿ ಹೊಸ ಇಂಜಿನ್ನಿನ ಬಗ್ಗೆ ಒಂದು ವಾರ ತರಬೇತಿ ಪಡೆದು ಬಂದಿದ್ದ. ಅದರ ಪ್ರಮಾಣಪತ್ರವನ್ನು ದೇವರ ಪಟಕ್ಕಿಂತ ಒಂದು ಗೇಣು ಮೇಲೆ ತೂಗುಹಾಕಿದ್ದ. ಅವನು ಇದೇ ಕಾರಿನ ಪ್ಲಗ್ಗುಗಳನ್ನು ಮೊದಲೇ ಒಮ್ಮೆ ಬಿಚ್ಚಿ, ದೀಪದ ಕಾಡಿಗೆಯಷ್ಟು ಮಸಿ ಕಂಡು, ಉಜ್ಜಿ ಹಾಕಿ, "ಪೆಟ್ರೋಲ್ ಸರಿಯಿಲ್ಲ ಮೇಡಂ," ಎಂದು ಕಳಿಸಿದ್ದ. ಬೇರೆ ಬಂಕಿನಲ್ಲಿ ಹಾಕಿಸಿದರೂ ಮಸಿ ತಿರುಗಿ ಬಂದಿತ್ತು. ಈಗ ಗಿರಿಜಾ ಫೋನು ಮಾಡಿದಾಗ ಅವನಿಗೂ ಪಂದ್ಯ ಸೋತವನ ಹಟ ಬಂದಿತು. ತುಮಕೂರಿನ ಭಾವಮೈದುನನಿಂದ ಪರೀಕ್ಷೆಯ ಪೆಟ್ಟಿಗೆಯೊಂದನ್ನು ಕಡ ತಂದು ಭಾನುವಾರ ತಾನೇ ಮನೆಗೆ ಬರುತ್ತೇನೆಂದ. ಸೋಮವಾರಕ್ಕೆ ಒಂದು ದಿನ ಮೊದಲು.

ಭಾನುವಾರ ಅವಳು ಸಂತೆ ನೆಪದಲ್ಲಿ ಹುಳಿಯಾರಿಗೆ ಹೋಗಿ ಬಂದಳು. ಕಂದಿಕೆರೆ ಗೇಟಿನಲ್ಲಿ ಬಸ್ಸಿನವನು ಎರಡು ಬೆರಳು ಎತ್ತಿದ. ಇದೇ ಕೊನೆಯದೇನೋ ಎಂದುಕೊಂಡು ಅವಳು ಇಡೀ ಕೈಯನ್ನೇ ಎತ್ತಿದಳು. ಅವನು ಗಾಬರಿಯಾಗಿ ಬ್ರೇಕು ಹಾಕಿದ.

ಅಂಗಳಕ್ಕೆ ಬರುವಷ್ಟರಲ್ಲಿ ಎಲ್ಲರೂ ನೆರೆದಿದ್ದರು. ಒರಗು ಕುರ್ಚಿಯನ್ನು ಹೊರಗೆ ತರಿಸಿಕೊಂಡು ಮಾವ ಕೂತಿದ್ದರು. ಪಕ್ಕದಲ್ಲಿ ಕೆಂಚಪ್ಪ ಎಲೆಯಡಿಕೆ ಹಾಕಿಕೊಂಡು ನಾಳೆಯ ಹುದ್ದೆಯ ಗಾಂಭೀರ್ಯವನ್ನು ಇವತ್ತೇ ಧರಿಸಿದ್ದ. ಶಂಭುಲಿಂಗಯ್ಯನವರು ಎದ್ದು ಬಂದು ಬಾನೆಟ್ಟು ಮುಟ್ಟಿ, "ಉಸ್ಸಪ್ಪಾ!" ಎಂದು ಕೈ ಕೊಡವಿಕೊಂಡರು.

ತಿಮ್ಮರಾಜು ಸ್ಟೇರಿಂಗಿನ ಕೆಳಗೆ ತೂರಿ ಪೆಟ್ಟಿಗೆಯ ವೈರು ಸಿಕ್ಕಿಸಿದ. ಇಂಜಿನ್ನು ಓಡುತ್ತಿತ್ತು. ಪೆಟ್ಟಿಗೆಯ ಪುಟ್ಟ ಗಾಜಿನಲ್ಲಿ ಹಸಿರು ಅಕ್ಷರಗಳು ಮೂಡಿದವು. ಅವನು ಓದಿದ. ಕಣ್ಣು ಉಜ್ಜಿಕೊಂಡು ಮತ್ತೆ ಓದಿದ.

"ಮೇಡಂ, ಈಗ ತಾನೇ ಸ್ಟಾರ್ಟ್ ಮಾಡಿದ್ರಾ?"

"ಹುಳಿಯಾರಿಂದ ಬರ್ತಿದೀನಿ."

"ಇದು ಹೇಳ್ತಿದೆ, ಇಂಜಿನ್ ಇನ್ನೂ ತಣ್ಣಗೈತಂತೆ. ಧನುರ್ಮಾಸದ ಬೆಳಗಿನ ಜಾವ ಇದ್ದಂಗೆ."

ಶಂಭುಲಿಂಗಯ್ಯನವರು ಸುಟ್ಟ ಕೈಯನ್ನು ಊದಿಕೊಳ್ಳುತ್ತ, "ನಿನ್ನ ಪೆಟ್ಟಿಗೇನ ಬಚ್ಚಲೊಲೆಗೆ ಹಾಕು," ಎಂದರು.

"ಪೆಟ್ಟಿಗೆದು ತಪ್ಪಿಲ್ಲ ಯಜಮಾನ್ರೇ. ಕಾರಿನ ಕಂಪ್ಯೂಟರ್ ಏನು ತಿಳ್ಕೊಂಡೈತೋ ಅದನ್ನ ಇದು ಹೇಳ್ತದೆ ಅಷ್ಟೆ." ತಿಮ್ಮರಾಜುವಿಗೆ ತರಬೇತಿಯ ವಾರ ನೆನಪಿಗೆ ಬಂದು ಮುಖ ಅರಳಿತು. ಕೇಳಲು ಇಷ್ಟು ಜನ ಅವನಿಗೆ ಶೆಡ್ಡಿನಲ್ಲಿ ಸಿಕ್ಕುತ್ತಿರಲಿಲ್ಲ. "ಹಳೇ ಗಾಡೀಲಿ ಚೋಕ್ ಇರ್ತಿತ್ತಲ್ಲ, ಕೆಂಚಪ್ಪಣ್ಣಂಗೆ ಗೊತ್ತು. ಚಳೀಲಿ ಇಂಜಿನ್ ಹತ್ತಲ್ಲ, ಚೋಕ್ ಎಳೀತಿದ್ವಿ, ಪೆಟ್ರೋಲ್ ಜಾಸ್ತಿ ಹೋಗ್ತಿತ್ತು. ಬಿಸಿ ಆದಮೇಲೆ ಒಳಕ್ಕೆ ತಳ್ತಿದ್ವಿ. ಈಗ ಆ ಕೆಲಸ ಮಾಡೋದು ಕಂಪ್ಯೂಟರ್. ಎಷ್ಟು ಪೆಟ್ರೋಲ್ ಬುಡಬೇಕು ಅಂತ ಗಳಿಗೆ ಗಳಿಗೆಗೂ ಅದೇ ಲೆಕ್ಕ ಹಾಕ್ತದೆ."

"ಕಾಲಲ್ವಾ?" ಎಂದ ಕೆಂಚಪ್ಪ, ತನ್ನ ಕಾಲನ್ನು ಒಮ್ಮೆ ನೋಡಿಕೊಂಡು.

"ಕಾಲು ಗಾಳಿ ಬುಡ್ತದೆ ಅಷ್ಟೆ ಕಣಣ್ಣೋ. ಅಷ್ಟು ಗಾಳಿಗೆ ಪೆಟ್ರೋಲ್ ಎಷ್ಟು ಅನ್ನೋದು ಕಂಪ್ಯೂಟರ್ ಅಪ್ಪಣೆ. ಆದ್ರೆ ಪಾಪ, ಅದು ಒಂದು ಕತ್ತಲೆ ಮೂಲೇಲಿ ಕೂತಿರ್ತದೆ. ಇಂಜಿನ್ ಮುಖಾನೇ ಕಂಡಿರಲ್ಲ. ಅದಕ್ಕೆ ಸುದ್ದಿ ಹೇಳೋಕೆ ಅಲ್ಲಲ್ಲೇ ಸೆನ್ಸಾರ್‌ಗಳು ಇರ್ತವೆ. ಒಬ್ಬ ಗಾಳಿ ಎಷ್ಟು ಬಂತು ಅಂತಾನೆ. ಒಬ್ಬ ಆಕ್ಸಿಲೇಟರ್ ಎಷ್ಟು ಒತ್ತವ್ರೆ ಅಂತಾನೆ. ಒಬ್ಬ ರೇಡಿಯೇಟರ್ ನೀರಲ್ಲಿ ಮುಳುಗಿ ನಿಂತ್ಕೊಂಡು ಬಿಸಿ ಎಷ್ಟು ಅಂತಾನೆ. ಅವರು ಹೇಳಿದ್ದೇ ಇದಕ್ಕೆ ಸತ್ಯ."

ಗಿರಿಜಾಳ ಕಣ್ಣು ತಾನಾಗಿಯೇ ಒರಗು ಕುರ್ಚಿಯ ಕಡೆ ಹೋಯಿತು. ಕೆರೆ ಕೆಳಗಿನ ತೋಟದ ಕೆಸರು, ಅದರಲ್ಲಿ ಹೂತ ಚಪ್ಪಲಿಗಳು ನೆನಪಾದವು. ನಗು ಬಂದದ್ದನ್ನು ಸೆರಗಿನಲ್ಲಿ ಹಿಡಿದುಕೊಂಡು, "ಅಂದ್ರೆ ನೀರಲ್ಲಿ ನಿಂತಿರೋನು ಸುಳ್ಳು ಹೇಳ್ತಿದಾನೆ," ಎಂದಳು.

"ಪೂರ್ತಿ ಸತ್ತೋಗಿದ್ರೆ ಸ್ಟೇರಿಂಗ್ ಮುಂದೆ ಎಚ್ಚರಿಕೆ ಲೈಟಾದ್ರೂ ಹತ್ತಿರೋದು. ಇವನು ಸತ್ತಿಲ್ಲ, ಜೀವಂತ ಇದ್ಕೊಂಡೇ ಚಳಿ ಚಳಿ ಅಂತವ್ನೆ. ಅದಕ್ಕೇ ದಿನವಿಡೀ ಚೋಕ್ ಎಳೆದಂಗೆ ಪೆಟ್ರೋಲ್ ಹೋಗ್ತೈತೆ. ತಣ್ಣಗಿದ್ದ ಮೇಲೆ ಫ್ಯಾನ್ ಯಾಕೆ ಅಂತ ಅದೂ ತಿರುಗಲ್ಲ."

"ಗೋಡೆ ಮಸಿ?" ಎಂದರು ಚಿಕ್ಕಗಂಗಮ್ಮನವರು ಹಿಂದಿನಿಂದ.

"ಸರಿಯಾಗಿ ಕೇಳಿದ್ರಿ ಅಮ್ಮಾ. ಹೊಗೆ ಕೊಳವೇಲಿ ಇನ್ನೊಬ್ಬ ಅವ್ನೆ, ಮೂಗು ಇದ್ದಂಗೆ. ಹೊಗೆ ಮೂಸಿ, ಪೆಟ್ರೋಲ್ ಜಾಸ್ತಿ ಆಯ್ತು, ಕಮ್ಮಿ ಮಾಡು ಅಂತ ಹೇಳ್ತಾನೇ ಇರ್ತಾನೆ. ಆದ್ರೆ ಇಂಜಿನ್ ಬಿಸಿ ಆಗೋವರ್ಗೂ ಕಂಪ್ಯೂಟರ್ ಅವನ ಮಾತು ಕಿವಿಗೆ ಹಾಕ್ಕಳಲ್ಲ."

"ಅಂದ್ರೆ ಹಿಂದ್ಗಡೆ ಇರೋರು ಎಷ್ಟು ಬಡ್ಕಂಡ್ರೂ ಕೇಳಲ್ವಾ?"

"ಕೇಳಲ್ಲಮ್ಮಾ."

"ನಮ್ಮನೇಲೂ ಅಂಥದ್ದೇ ಒಂದೈತೆ," ಎಂದರು ಚಿಕ್ಕಗಂಗಮ್ಮನವರು. ಈರೇಶನಿಗೆ ಕೆಮ್ಮು ಬಂತು. ಶಂಭುಲಿಂಗಯ್ಯನವರು ತೆಂಗಿನ ಮರಗಳ ತಲೆಯ ಕಡೆ ನೋಡುತ್ತಿದ್ದರು.

ಇಂಜಿನ್ನು ಆರಲು ಬಿಟ್ಟು, ಒಂದೆರಡು ಸುತ್ತು ಮಾತಾದ ಮೇಲೆ ತಿಮ್ಮರಾಜು ದಪ್ಪ ಬಟ್ಟೆ ಸುತ್ತಿ ರೇಡಿಯೇಟರಿನ ಮುಚ್ಚಳ ತೆಗೆದ. ಅಂಗಳದ ತುಂಬ ಘಮ್ಮೆಂದಿತು. ಹೋಳಿಗೆಗೆ ಹೂರಣ ಇಳಿಸಿದಂಥ ಸಿಹಿ ವಾಸನೆ, ಅದರ ಬುಡದಲ್ಲಿ ಸ್ವಲ್ಪ ಹುಳಿ, ಸ್ವಲ್ಪ ಸೀದದ್ದು.

"ಏನ್ ಮೇಡಂ," ಎಂದ ಅವನು ಮೂಗರಳಿಸಿ, "ಇದ್ರಲ್ಲಿ ಪಾಯಸ ಮಾಡಿದೀರಾ?"

ಸ್ಪ್ಯಾನರು ಹಾಕಿ ಬೆರಳುದ್ದದ ಹಿತ್ತಾಳೆಯ ವಸ್ತುವೊಂದನ್ನು ಬಿಚ್ಚಿ ಹೊರಗೆ ತೆಗೆದ. ಅದೇ ಸೆನ್ಸಾರು. ನೀರಿನಲ್ಲಿ ಮುಳುಗಿರಬೇಕಾದ ಅದರ ತುದಿಯ ಮೇಲೆ ಕಂದು ಬಣ್ಣದ ಹೆಪ್ಪು ದಪ್ಪಗೆ ಕಟ್ಟಿಕೊಂಡಿತ್ತು, ಬೆಲ್ಲದ ಪಾಕ ಪಾತ್ರೆಯ ತಳ ಹಿಡಿದಂತೆ. "ಇಷ್ಟು ದಪ್ಪ ಕಂಬಳಿ ಹೊದ್ಕಂಡ್ರೆ ಇವನಿಗೆ ಬಿಸಿ ಹೆಂಗೆ ತಟ್ಟುತ್ತೆ? ಏನಿದು? ಕಂಪನಿಯವರು ಹಾಕಿದ್ದ ಹಸಿರು ಕೂಲೆಂಟ್ ಎಲ್ಲಿ?"

ಗಿರಿಜಾಳ ತಲೆಯಲ್ಲಿ ಬಿಡಿ ಬಿಡಿಯಾಗಿದ್ದ ವಸ್ತುಗಳು ಎದ್ದು ಸಾಲಾಗಿ ನಿಂತವು. ಸೋಮವಾರದ ಮಚ್ಚು. ನೆನೆದ ಪಂಚೆಯ ಅಂಚು. ಕೊಟ್ಟಿಗೆಯ ಹಿಂದೆ ಬಿದ್ದಿರುತ್ತಿದ್ದ ಎಳನೀರು ಬುರುಡೆಗಳು, ಒಬ್ಬ ಮುದುಕರು ಕುಡಿಯುವುದಕ್ಕಿಂತ ತೀರ ಹೆಚ್ಚು. ಬೋರನಕಣಿವೆಯ ಜೀಪು, ಮೇಕೆಮರಿ.

ಅವಳು ಮಾವನನ್ನು ನೋಡಿದಳು. ಮಾವ ಮರ ನೋಡುತ್ತಿದ್ದರು. ಹೇಳಿಬಿಡಬಹುದಿತ್ತು. ಕೆಂಚಪ್ಪನೆದುರು, ತಿಮ್ಮರಾಜುವಿನೆದುರು, ಸಂಜೆಗೆ ಇಡೀ ಕಂದಿಕೆರೆಗೇ ಗೊತ್ತಾಗುವಂತೆ. ಆದರೆ ಸೊಸೆ ಹೇಳಿದಳೆಂದರೆ ಮಾವ ಅಲ್ಲಗಳೆಯುವರು. ಅಲ್ಲಗಳೆದ ಮೇಲೆ ಅವರೇ ಬಯಸಿದರೂ ತಿರುಗಿ ಬರುವ ದಾರಿಯಿರುವುದಿಲ್ಲ. ನಾಳೆ ಕೀಲಿಕೈ ಕೆಂಚಪ್ಪನ ಜೇಬಿಗೆ. ಈ ಮನುಷ್ಯರು ಯಾರ ಮಾತನ್ನು ನಂಬುತ್ತಾರೆ? ಅವಳು ಒಂದು ಗಳಿಗೆ ಯೋಚಿಸಿ ಸೆನ್ಸಾರನ್ನು ತಿಮ್ಮರಾಜುವಿನ ಕೈಯಿಂದ ಇಸಿದುಕೊಂಡು ಕುರ್ಚಿಯ ಬಳಿಗೆ ಹೋದಳು.

"ಮಾವ, ಇದೇನು ಅಂತ ನಮಗ್ಯಾರಿಗೂ ಗೊತ್ತಾಗ್ತಿಲ್ಲ," ಎಂದಳು ಬಹಳ ವಿನಯದಿಂದ. "ತಿಮ್ಮರಾಜು ಅವರಿಗೂ ಗೊತ್ತಿಲ್ವಂತೆ. ನಿಮ್ಮ ನಾಲಿಗೆಗೆ ಬಿಟ್ರೆ ಬೇರೆ ಯಾರಿಗೂ ಗೊತ್ತಾಗಂಗಿಲ್ಲ."

"ಯಜಮಾನ್ರೇ, ಬ್ಯಾಡ್ರಿ, ಇಂಜಿನ್ ಒಳಗಿಂದು!" ಎಂದು ತಿಮ್ಮರಾಜು ಕೂಗುವಷ್ಟರಲ್ಲಿ ಶಂಭುಲಿಂಗಯ್ಯನವರ ಉಗುರು ಹೆಪ್ಪಿನ ಚೂರೊಂದನ್ನು ಕೆರೆದಾಗಿತ್ತು. ಪರೀಕ್ಷೆಗೆ ಒಡ್ಡಿದ ರುಚಿಯಿಂದ ಅವರು ಜನ್ಮದಲ್ಲಿ ಹಿಂದೆ ಸರಿದವರಲ್ಲ. ಕಣ್ಣು ಮುಚ್ಚಿದರು. ನಾಲಿಗೆಯ ತುದಿಯಲ್ಲಿ ಅದನ್ನು ಹೊರಳಿಸಿದರು. ಪಕ್ಕಕ್ಕೆ ಥೂ ಎಂದು ಉಗಿದು, ಬಾಯಿ ಮುಕ್ಕಳಿಸಿ, ಸೀಮೆಗೇ ತೀರ್ಪು ಕೊಡುವ ಗತ್ತಿನಲ್ಲಿ ಹೇಳಿದರು:

"ಬಾವಿ ಪಕ್ಕದ್ದು. ಕೆಂದೆಂಗು. ಎರಡನೇ ಮರ."

ಹೇಳಿದ ಮೇಲೆಯೇ ಅವರಿಗೆ ತಾವು ಏನು ಹೇಳಿದೆವೆಂದು ಗೊತ್ತಾದದ್ದು.

ಕೆಂಚಪ್ಪ ಅಗಿಯುತ್ತಿದ್ದ ಎಲೆಯಡಿಕೆಯನ್ನು ನುಂಗಿಬಿಟ್ಟ. ಮೊದಲು ಬಾಯಿ ಬಿಟ್ಟವರು ಚಿಕ್ಕಗಂಗಮ್ಮನವರು. "ಅದಕ್ಕೇ ಆ ಮರದಲ್ಲಿ ಒಂದು ಗೊನೆ ಉಳೀತಿರ್ಲಿಲ್ಲ! ನಾನು ಕೋತಿ ಅಂದ್ಕಂಡಿದ್ದೆ ಕಣ್ರೀ."

"ನೀವಾ ಯಜಮಾನ್ರೇ ಹಾಕಿದ್ದು?" ತಿಮ್ಮರಾಜು ತಲೆಯ ಮೇಲೆ ಕೈ ಹೊತ್ತುಕೊಂಡ. "ನೀರು ಹಾಕಬ್ಯಾಡಿ ಅಂತ ಕಾರು ಕೊಡುವಾಗಲೇ ಹೇಳಿರ್ತಾರಲ್ಲ!"

"ನೀರು ಹಾಕಿಲ್ವಲ್ಲ," ಎಂದರು ಶಂಭುಲಿಂಗಯ್ಯನವರು ಘನತೆ ಕೆಡದಂತೆ. "ಕಂಪನಿಯೋರಿಗೇನು ಗೊತ್ತು ಎಳನೀರಿನ ಗುಣ? ಒಂದಿನ ಮುಚ್ಚಳ ತೆಗೆದು ನೋಡ್ತೀನಿ, ಒಳಗೆಲ್ಲ ಹಸ್ರು. ಕೆರೆ ಪಾಚಿ ಹಂಗೆ! ಹೊಸ ಕಾರು ಅಂತ ಕೊಟ್ಟು ಹಳೇ ನೀರು ತುಂಬ್ಸವ್ರೆ ಅಂತ ಕೆಳಗಿನ ನಲ್ಲಿ ತಿರುಗ್ಸಿ ಎಲ್ಲ ಬಸಿದೆ. ಆಮೇಲೆ ಸೋಮವಾರ ಸೋಮವಾರ ಶಿವಪೂಜೆ ಆದ್ಮೇಲೆ ಹಳೇದು ತೆಗೆದು ಹೊಸಾ ಎಳನೀರು. ಏದುಸಿರು ನಿಂತೋಯ್ತು. ಮದ್ದು ಹತ್ತಿತು ಅಂದ್ಕಂಡೆ."

"ಹಸ್ರು ಬಣ್ಣ ಪಾಚಿ ಅಲ್ಲ ಯಜಮಾನ್ರೇ, ಔಷಧಿ ಅದು. ಕುದೀದಂಗೆ, ತುಕ್ಕು ಹಿಡೀದಂಗೆ ಹಾಕಿರ್ತಾರೆ. ನಿಮ್ಮ ಎಳನೀರು ಕುದ್ದು ಕುದ್ದು ಸೆನ್ಸಾರ್ ಮೇಲೆ ಪಾಕ ಆಗೈತೆ. ಏದುಸಿರು ಅಂದ್ರಲ್ಲ, ಅದು ಫ್ಯಾನು. ಗಾಳಿ ಬೀಸ್ಕಂತಿತ್ತು ಪಾಪ. ಅದನ್ನೂ ನಿಲ್ಲಿಸಿಬುಟ್ರಿ."

"ಅದಕ್ಕೇ ಬಾನೆಟ್ಟು ಜಾಸ್ತಿ ಸುಡ್ತಿತ್ತು," ಎಂದ ಈರೇಶ. ಆ ದಿನ ಅವನಾಡಿದ ಮೊದಲ ಮಾತು.

"ಸುಡ್ತು ಅಂತ ಇನ್ನೆರಡು ಜಾಸ್ತಿ ಹಾಕ್ದೆ ಕಣ್ಲಾ," ಎಂದರು ಅವನ ತಂದೆ, ಈ ಸಲ ಸ್ವಲ್ಪ ಮೆಲ್ಲಗೆ.

ಮಂಡಿ ನೋವೆಂದು ತೋಟಕ್ಕೆ ಹೋಗದ ಈ ಮನುಷ್ಯರು ವಾರ ವಾರವೂ ಕಾರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನಲ್ಲಿ ತಿರುಗಿಸಿದ್ದಾರಲ್ಲ ಎಂದು ಗಿರಿಜಾಳಿಗೆ ಆಗ ಹೊಳೆಯಿತು. ಸಿಟ್ಟು ಮಾಡಿಕೊಳ್ಳಬೇಕೆಂದು ಅವಳು ತೆಗೆದಿಟ್ಟುಕೊಂಡಿದ್ದ ಜಾಗವನ್ನು ಬೇರೇನೋ ಬಂದು ತುಂಬಿತು.

ಕೆಂಚಪ್ಪ ಗಂಟಲು ಸರಿಮಾಡಿಕೊಂಡ. "ಹಂಗಾರೆ ಯಜಮಾನ್ರೇ, ನಾಳೆ ನಾನು ಬರ್ಲಾ, ಬ್ಯಾಡ್ವಾ?"

ಎಲ್ಲರ ಕಣ್ಣೂ ಕುರ್ಚಿಯ ಮೇಲೆ ನಿಂತವು. ಶಂಭುಲಿಂಗಯ್ಯನವರು ಮುಂಗೈಯಿಂದ ಮೂಗು ಒರೆಸಿಕೊಂಡರು, ವಲ್ಲಿ ಸರಿಪಡಿಸಿಕೊಂಡರು, ಸೆನ್ಸಾರನ್ನು ಅಂಗೈಯಲ್ಲಿ ಒಮ್ಮೆ ಹೊರಳಿಸಿದರು. ಕತ್ತಲೆ ಮೂಲೆಯಲ್ಲಿ ಕೂತವನಿಗೆ ಬಹಳ ದಿನದ ಮೇಲೆ ಸರಿಯಾದ ಸುದ್ದಿ ಮುಟ್ಟಿತ್ತು. ಅಪ್ಪಣೆ ಹೊರಡಲು ಸ್ವಲ್ಪ ಹೊತ್ತು ಬೇಕಾಯಿತು, ಅಷ್ಟೆ.

"ನೀನ್ಯಾಕ್ಲಾ ಬತ್ತೀ?" ಎಂದರು. "ಎತ್ತಿನ ಗಾಡಿ ನಿನ್ನ ಹಿಂದಾಕ್ತಂತೆ. ಊರೆಲ್ಲ ನಗ್ತಾವ್ರೆ." ಆಮೇಲೆ ಯಾರನ್ನೂ ನೋಡದೆ, ಬಾವಿ ಪಕ್ಕದ ಎರಡನೆಯ ಮರಕ್ಕೆ ಹೇಳುವಂತೆ ಹೇಳಿದರು: "ಅವಳ ಕಾಲು ಹಗುರಾನೇ ಐತೆ."

ಗಿರಿಜಾ ಒಳಗೆ ಹೋಗಿ ಎಲ್ಲರಿಗೂ ಕಾಫಿಗೆ ಇಟ್ಟಳು. ಕಾರಿನಿಂದ ತೆಗೆದುಕೊಂಡು ಬಂದ ಕೀಲಿಕೈಯನ್ನು ಸಾಸಿವೆ ಡಬ್ಬಿಯ ಪಕ್ಕದ ಮೊಳೆಗೆ ಎಂದಿನಂತೆ ಸಿಕ್ಕಿಸಿದಳು. ಅದನ್ನು ಸುಮ್ಮನೆ ಒಮ್ಮೆ ತೂಗಾಡಿಸಿದಳು.

ತಿಮ್ಮರಾಜು ಒಳಗನ್ನೆಲ್ಲ ತೊಳೆದು, ಹೊಸ ಸೆನ್ಸಾರು ಕೂರಿಸಿ, ಹಸಿರು ನೀರು ತುಂಬಿ, ರೇಡಿಯೇಟರಿನ ಮುಚ್ಚಳದ ಪಕ್ಕ ಬಿಳಿ ಬಣ್ಣದಲ್ಲಿ "ಎಳನೀರು ಹಾಕಬಾರದು" ಎಂದು ಬರೆದು ಕೊಟ್ಟ. ಅಂಥ ಬರಹವಿರುವ ಕಾರು ಮೂರು ತಾಲ್ಲೂಕಿನಲ್ಲಿ ಬೇರೆ ಇರಲಾರದು. ಪೆಟ್ರೋಲಿನ ಮುಳ್ಳು ಮೊದಲಿನ ಮರ್ಯಾದೆಗೆ ಬಂತು. ಚಿಕ್ಕಗಂಗಮ್ಮನವರು ಗೋಡೆಗೆ ಮತ್ತೆ ಸುಣ್ಣ ಬಳಿಸಿದರು. ಈಗ ಅವರು ಹಿತ್ತಲಿನಿಂದ ಏನಾದರೂ ಕೂಗಿದರೆ ಪಡಸಾಲೆಯಿಂದ, "ಏನಂದೆ?" ಎಂಬಷ್ಟಾದರೂ ಬರುತ್ತಿತ್ತು.

ಅದರ ಮುಂದಿನ ವಾರದ ಸೋಮವಾರ ಗಿರಿಜಾ ತವರಿಗೆ ಹೋಗಿ ಬಂದಳು. ಉರಿ ಬಿಸಿಲು. ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸಿ ಇಳಿಯುವಾಗ ಮಾವ ಎದುರಿಗಿದ್ದರು. ಒಂದು ಕೈಯಲ್ಲಿ ಮಚ್ಚು, ಇನ್ನೊಂದರಲ್ಲಿ ಬಾಯಿ ಕೆತ್ತಿದ ಎಳನೀರು. ಅವಳು ಕಾರಿಗೂ ಅವರಿಗೂ ನಡುವೆ ಹೋಗಿ ನಿಂತುಕೊಂಡಳು.

ಅವರು ಬಾನೆಟ್ಟಿನ ಮೇಲೆ ಅಂಗೈಯ ಹಿಂಬದಿ ಇಟ್ಟರು. ತೆಗೆದರು. ಎಳನೀರನ್ನು ಅವಳ ಕಡೆ ಚಾಚಿದರು.

"ಅದಕ್ಕೆ ಹಾಕಂಗಿಲ್ವಂತಲ್ಲ," ಎಂದರು. "ನೀನಾದ್ರೂ ಕುಡಿ. ಓಡಿಸ್ಕೊಂಡು ಬಂದಿದೀಯ."

ಗಿರಿಜಾ ಬುರುಡೆ ಎತ್ತಿ ಬಾಯಿಗಿಟ್ಟಳು. ಅಷ್ಟರಲ್ಲಿ ಬಾನೆಟ್ಟಿನೊಳಗೆ ಫ್ಯಾನು ಗುಯ್ ಎಂದು ತಾನಾಗಿ ತಿರುಗತೊಡಗಿತು. ಶಂಭುಲಿಂಗಯ್ಯನವರು ಅಭ್ಯಾಸಬಲದಿಂದ ಮಚ್ಚು ಕೆಳಗಿಟ್ಟು ಕಾರಿನ ಕಡೆ ಒಂದು ಹೆಜ್ಜೆ ಇಟ್ಟವರು, ಬಿಳಿ ಅಕ್ಷರಗಳು ನೆನಪಾಗಿ ಅಲ್ಲೇ ನಿಂತರು.

"ಕೇಳ್ದಾ?" ಎಂದರು ಸೊಸೆಗೆ. "ನೀನು ಕುಡಿಯೋದು ನೋಡಿ ಅದಕ್ಕೆ ಹೊಟ್ಟೆ ಉರಿ."